ಬಿಡಿ ಹರಳುಪ್ಪಿನ ಮಾರಾಟ ನಿಲ್ಲಿಸುತ್ತಿರುವ ಬಗ್ಗೆ ಸದಸ್ಯರಿಗೆ ಮತ್ತು ಗ್ರಾಹಕರಿಗೆ ಪತ್ರ

ಮಾನ್ಯ ಸದಸ್ಯರೇ, ಗ್ರಾಹಕ ಬಂಧುಗಳೇ,

ಬರುವ ಜೂನ್ 1ರಿಂದ ಸಂಘದ ಕೊಪ್ಪ ಮಳಿಗೆಯಲ್ಲಿ 50 ಕೆ.ಜಿ. ಮೂಟೆ ಬಿಚ್ಚಿ ಹರಳುಪ್ಪು ತೂಗಿಕೊಡುವುದನ್ನು ನಿಲ್ಲಿಸುತ್ತೇವೆ. ಹರಳುಪ್ಪಾಗಲಿ ಪುಡಿಯುಪ್ಪಾಗಲಿ, ಇನ್ನು ಮುಂದೆ 1 ಕೆ.ಜಿ.ಯ ಮುಚ್ಚಿದ ಪ್ಯಾಕೆಟ್ಟಿನಲ್ಲೇ ಸಿಗುತ್ತದೆ. ಹರಳುಪ್ಪಿಗೆ ಕೆ.ಜಿ.ಗೆ 6 ರೂಪಾಯಿ ಹೆಚ್ಚಾಗುತ್ತದೆ. ಮೂಟೆಯಲ್ಲಿದ್ದದ್ದೂ ಅಯೋಡಿನ್ ಸೇರಿಸಿದ ಉಪ್ಪೇ, ಪ್ಯಾಕೆಟ್ಟಿನದೂ ಅದೇ, ಮತ್ತೇಕೆ ಹೆಚ್ಚು ದುಡ್ಡು ಎಂದು ನೀವು ಕೇಳುವುದು ನ್ಯಾಯವೇ. ಅದಕ್ಕೇ ಈ ಪತ್ರ.

ಕಾರಣ ನಮ್ಮ ಮಳೆ. ಉಪ್ಪಿಗೆ ಸೇರಿಸುವುದು ಪೊಟ್ಯಾಶಿಯಂ ಅಯೋಡೇಟ್ ಎಂಬ ಲವಣ. ಕಾರ್ಖಾನೆಯಲ್ಲಿ ಅದರ ದ್ರಾವಣವನ್ನು ಉಪ್ಪಿನ ಮೇಲೆ ಸಿಂಪಡಿಸಿ ಒಣಗಿಸುತ್ತಾರೆ. ದಪ್ಪ ಹರಳಿನಲ್ಲಿ ಅದು ಹೊರಮೈಗೆ ಮಾತ್ರ ಅಂಟಿಕೊಂಡಿರುತ್ತದೆ, ಒಳಗೆ ಇಳಿದಿರುವುದಿಲ್ಲ. ಗಾಳಿಯ ತೇವಾಂಶ ಶೇ. 75 ದಾಟಿದರೆ ಶುದ್ಧ ಉಪ್ಪೂ ನೀರು ಹೀರತೊಡಗುತ್ತದೆ. ಮೆಗ್ನೀಸಿಯಂ ಉಳಿದಿರುವ ಹರಳುಪ್ಪು ಅದಕ್ಕೂ ಮೊದಲೇ ಒದ್ದೆಯಾಗುತ್ತದೆ. ಆರಿದ್ರೆಯಿಂದ ಆಶ್ಲೇಷದವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬಾಯಿ ತೆರೆದ ಉಪ್ಪಿನ ಮೂಟೆ ಒಣಗಿರುತ್ತದೆಯೇ? ಹರಳಿನ ಮೈಯಲ್ಲಿ ಬೆವರಿನಂತೆ ನೀರು ಕೂಡುತ್ತದೆ, ಅಯೋಡೇಟ್ ಅದರಲ್ಲಿ ಕರಗುತ್ತದೆ, ನೀರಿನ ಜೊತೆ ಮೂಟೆಯ ತಳಕ್ಕೆ ಇಳಿಯುತ್ತದೆ. ತಳದಿಂದ ಚೀಲದ ನೇಯ್ಗೆಯ ಸಂದಿಯಲ್ಲಿ ಸೋರಿ ನೆಲ ಸೇರುತ್ತದೆ. ಹೀಗೆ ಒಂದೇ ಮೂಟೆಯ ಮೇಲ್ಭಾಗದ ಉಪ್ಪು ಒಯ್ದ ಮನೆಗೆ ಅಯೋಡಿನ್ ಕಡಿಮೆ, ಅಡಿಯ ಉಪ್ಪು ಒಯ್ದ ಮನೆಗೆ ಹೆಚ್ಚು. ದುಡ್ಡು ಇಬ್ಬರದೂ ಒಂದೇ.

ಇದನ್ನು ಪರೀಕ್ಷಾ ಕಿಟ್ಟಿನಲ್ಲಿ ಕಣ್ಣಾರೆ ನೋಡಬಹುದು. ಒಂದು ಚಮಚ ಉಪ್ಪನ್ನು ನುಣ್ಣಗೆ ಕುಟ್ಟಿ ಬಿಳಿ ತಟ್ಟೆಯಲ್ಲಿ ಸಮವಾಗಿ ಹರಡಿ, ಗಂಜಿಯ ಅಂಶವಿರುವ ಪರೀಕ್ಷಾ ದ್ರಾವಣದ ಎರಡು ಹನಿ ಬಿಡಬೇಕು. ಅಯೋಡಿನ್ ಸರಿಯಾಗಿದ್ದರೆ ಒಂದು ನಿಮಿಷದೊಳಗೆ ಹನಿ ಬಿದ್ದ ಜಾಗ ಮಾಗಿದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಕಡಿಮೆಯಿದ್ದರೆ ತೆಳು ನೀಲಿ, ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಕೆಲವು ಉಪ್ಪಿನಲ್ಲಿ ಕ್ಷಾರದ ಅಂಶವಿದ್ದು ಬಣ್ಣ ಬರುವುದಿಲ್ಲ. ಆಗ ಎರಡನೇ ಸೀಸೆಯ ಮರುಪರೀಕ್ಷೆಯ ಹನಿ ಹಾಕಿ, ಅದರ ಮೇಲೆ ಮತ್ತೆ ಮೊದಲ ಹನಿ ಬಿಟ್ಟು ನೋಡಿಯೇ ತೀರ್ಮಾನಿಸಬೇಕು. ಕುಟ್ಟದ ಹರಳಿನ ಮೇಲೆ ಹನಿ ಬಿಟ್ಟರೆ ಹೊರಮೈಯ ಅಯೋಡೇಟ್ ಮಾತ್ರ ಸಿಕ್ಕಿ, ಇರುವುದಕ್ಕಿಂತ ಹೆಚ್ಚು ಬಣ್ಣ ಕಾಣುತ್ತದೆ. ಆಲೂಗಡ್ಡೆ ಹೋಳಿಗೆ ಉಪ್ಪು ಸವರಿ ನಿಂಬೆರಸ ಹಿಂಡುವ ಮನೆ ಪರೀಕ್ಷೆಯನ್ನು ಅಯೋಡೇಟ್ ಬೆರೆಸಿದ ಉಪ್ಪಿಗೆ ನಂಬುವಂತಿಲ್ಲ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಕಾಳಜಿ ಏಕೆಂದರೆ ಇದಕ್ಕೆ ಬದಲಿ ಇಲ್ಲ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನಿನ ಒಂದೊಂದು ಕಣಕ್ಕೂ ಅಯೋಡಿನ್ ಪರಮಾಣುಗಳು ಬೇಕು, ಒಂದು ಬಗೆಯದಕ್ಕೆ ನಾಲ್ಕು, ಇನ್ನೊಂದಕ್ಕೆ ಮೂರು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು, ಅಂದರೆ ಒಂದು ಗ್ರಾಮಿನ ಹತ್ತು ಸಾವಿರ ಭಾಗದಲ್ಲಿ ಒಂದೂವರೆ ಭಾಗ. ಗರ್ಭಿಣಿಗೂ ಹಾಲೂಡಿಸುವ ತಾಯಿಗೂ 250 ಬೇಕು. ಸಾಲದಿದ್ದರೆ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತದೆ. ಅದು ಕಣ್ಣಿಗೆ ಕಾಣುವ ತೊಂದರೆ. ಕಾಣದ್ದು ಇನ್ನೂ ದೊಡ್ಡದು: ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿಗೆ ತನ್ನದೇ ಹಾರ್ಮೋನು ಇರುವುದಿಲ್ಲ, ಮಿದುಳಿನ ಬೆಳವಣಿಗೆ ತಾಯಿಯದನ್ನೇ ನಂಬಿರುತ್ತದೆ. ಆಗ ತೀವ್ರ ಕೊರತೆಯಾದರೆ ಮಗುವಿನ ಬುದ್ಧಿಗೆ ಮತ್ತು ಕಿವಿಗೆ ಆಗುವ ನಷ್ಟವನ್ನು ಮುಂದೆ ಯಾವ ಆಹಾರದಿಂದಲೂ ತುಂಬಿಕೊಡಲಾಗುವುದಿಲ್ಲ. ಬಸುರಿ ಹೆಣ್ಣುಮಗಳಿರುವ ಮನೆಯವರು ಈ ಸಾಲುಗಳನ್ನು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಬೆಳೆಯುವ ಅನ್ನ, ತರಕಾರಿಯಲ್ಲಿ ಅಯೋಡಿನ್ ಬರಬೇಕಾದದ್ದು ಮಣ್ಣಿನಿಂದ. ಮಳೆ ಹೆಚ್ಚು ಬೀಳುವ ಗುಡ್ಡಗಾಡಿನಲ್ಲಿ ಅದು ಮಣ್ಣಿನಿಂದ ತೊಳೆದು ಹೊಳೆ ಸೇರಿ ಸಮುದ್ರಕ್ಕೆ ಹೋಗಿಬಿಡುತ್ತದೆ. ಹಾಗಾದರೆ ಸಮುದ್ರದ ಉಪ್ಪಿನಲ್ಲಿ ತಾನಾಗಿಯೇ ಇರಬೇಕಲ್ಲ ಎಂದು ಹಲವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಅಯೋಡಿನ್ ಸುಮಾರು 60 ಮೈಕ್ರೋಗ್ರಾಂ, ಲವಣ ಸುಮಾರು 35 ಗ್ರಾಂ. ಒಂದು ಕೆ.ಜಿ. ಉಪ್ಪಿಗೆ ಸುಮಾರು 29 ಲೀಟರ್ ನೀರು ಬತ್ತಿಸಬೇಕು. ಅಷ್ಟರ ಅಯೋಡಿನ್ ಪೂರ್ತಿ ಉಪ್ಪಿನಲ್ಲೇ ಉಳಿದರೂ 1.7 ಮಿಲಿಗ್ರಾಂ. ಹರಳು ಕಟ್ಟುವಾಗ ಅದರಲ್ಲೂ ಬಹುಪಾಲು ಉಳಿಕೆ ನೀರಿನಲ್ಲೇ ನಿಂತುಬಿಡುತ್ತದೆ. ನಮ್ಮ ಕೈಗೆ ಬರುವ ಉಪ್ಪಿನಲ್ಲಿ ಕೆ.ಜಿ.ಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕು, ಪ್ಯಾಕೆಟ್ಟಿನ ಮೇಲೆ 15 ಪಿಪಿಎಂ ಎಂದು ಬರೆದಿರುವುದು ಇದನ್ನೇ. ಸೈಂಧವ ಲವಣವೂ ಅಷ್ಟೆ. ಅಯೋಡಿನ್ ಸೇರಿಸಿದೆ ಎಂದು ಮುದ್ರಿಸಿಲ್ಲದಿದ್ದರೆ ಅದರಿಂದ ಈ ಅಗತ್ಯ ಪೂರೈಸದು.

ಉಪ್ಪಿಗೆ ಅಯೋಡಿನ್ ಬೆರೆಸಿದರೆ ನಿಜಕ್ಕೂ ಫಲವಿದೆಯೇ ಎಂಬುದನ್ನು ನಮ್ಮ ದೇಶದಲ್ಲೇ ನೋಡಿದ್ದಾರೆ. 1956ರಿಂದ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಪ್ರದೇಶವನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಸೇರಿಸಿದ ಉಪ್ಪನ್ನೂ ಒಂದಕ್ಕೆ ಬರಿ ಉಪ್ಪನ್ನೂ ಕೊಟ್ಟರು. ಸೇರಿಸಿದ ಕಡೆ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು.

ಈಗ ಮನೆಯ ಮಾತು. ಪ್ಯಾಕೆಟ್ಟಿನಲ್ಲಿ ಒಣಗಿ ಬಂದ ಉಪ್ಪನ್ನು ಒಲೆಯ ಪಕ್ಕದ ಮರಿಗೆಗೆ ಸುರಿದರೆ ನಾವು ಪಟ್ಟ ಕಷ್ಟ ಅಲ್ಲಿಗೇ ಮುಗಿಯಿತು. ಆಷಾಢದಲ್ಲಿ ಮರಿಗೆಯನ್ನು ಓರೆ ಮಾಡಿ ನೋಡಿ, ತಳದಲ್ಲಿ ಮಾಸಲು ಬಣ್ಣದ ನೀರು ನಿಂತಿರುತ್ತದೆ. ಅದನ್ನು ಚೆಲ್ಲಿದರೆ ಅಯೋಡೇಟನ್ನೂ ಚೆಲ್ಲಿದ ಹಾಗೆ. ಮುಚ್ಚಳ ಬಿಗಿಯಾಗಿ ಕೂರುವ ಪಿಂಗಾಣಿ ಭರಣಿ ಅಥವಾ ಡಬ್ಬಿ ಒಳ್ಳೆಯದು. ಒದ್ದೆ ಕೈ, ಒದ್ದೆ ಚಮಚ ಬೇಡ. ಒಲೆಯ ಆವಿ ತಾಗದ, ಬಿಸಿಲು ಬೀಳದ ಜಾಗದಲ್ಲಿಡಿ. ಹರಳುಪ್ಪನ್ನು ಕಸ ಹೋಗಲೆಂದು ತೊಳೆದು ಬಳಸುವ ರೂಢಿಯನ್ನು ದಯವಿಟ್ಟು ಬಿಡಿ, ಅಯೋಡೇಟ್ ಇರುವುದೇ ಹರಳಿನ ಹೊರಮೈಯಲ್ಲಿ. ಸಾರು ಕುದಿದು ಇಳಿಸುವ ಹೊತ್ತಿಗೆ ಉಪ್ಪು ಹಾಕಿದರೆ ನಷ್ಟ ಕಡಿಮೆ.

ಮಳೆಗಾಲದ ಸಾಮಾನಿನ ಜೊತೆ ಆರು ತಿಂಗಳ ಉಪ್ಪು ಕೂಡಿಡುವುದೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ. ಆ ಮಿತಿಯಲ್ಲಿ ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಸಾಕು, ಒಂದು ಪ್ಯಾಕೆಟ್ ಒಂದೂವರೆ ತಿಂಗಳು ಬರುತ್ತದೆ. ಕೆ.ಜಿ.ಗೆ 30 ಮಿಲಿಗ್ರಾಂ ಇರುವ ಉಪ್ಪಾದರೆ ಆ 5 ಗ್ರಾಮಿನಲ್ಲೇ 150 ಮೈಕ್ರೋಗ್ರಾಂ ಅಯೋಡಿನ್ ಸಿಗುತ್ತದೆ. 15ಕ್ಕೆ ಇಳಿದಿದ್ದರೆ ಅರ್ಧ ಮಾತ್ರ. ಆ ಕೊರತೆಯನ್ನು ಹೆಚ್ಚು ಉಪ್ಪು ತಿಂದು ತುಂಬಿಕೊಳ್ಳಲು ಹೋದರೆ ರಕ್ತದೊತ್ತಡಕ್ಕೆ ದಾರಿ. ಉಪ್ಪು ಕಡಿಮೆ ತಿನ್ನಬೇಕು, ತಿನ್ನುವ ಉಪ್ಪಿನಲ್ಲಿ ಅಯೋಡಿನ್ ಪೂರ್ತಿ ಇರಬೇಕು.

ಮಿಡಿ ಉಪ್ಪಿನಕಾಯಿ, ಉಪ್ಪುಸೊಳೆ ಹಾಕುವವರ ಆತಂಕ ನಮಗೆ ಗೊತ್ತಿದೆ. ಈ ಪ್ರಮಾಣದ ಅಯೋಡೇಟಿನಿಂದ ಮಿಡಿ ಕಪ್ಪಾಗುವುದಿಲ್ಲ, ಮೆತ್ತಗಾಗುವುದೂ ಇಲ್ಲ. ಪುಡಿಯುಪ್ಪಿನ ನೀರು ಸ್ವಲ್ಪ ಮಬ್ಬಾಗಿ ಕಂಡರೆ ಅದು ಗಂಟು ಕಟ್ಟದಿರಲೆಂದು ಬೆರೆಸಿದ ಪದಾರ್ಥ. ಎಚ್ಚರ ಬೇಕಾದದ್ದು ಅಳತೆಯಲ್ಲಿ. ಹರಳುಪ್ಪಿನ ಸೇರಿನಲ್ಲಿ ಸಂದಿಗಳಿರುತ್ತವೆ, ಪುಡಿಯುಪ್ಪಿನ ಸೇರು ಅದಕ್ಕಿಂತ ತೂಕ ಹೆಚ್ಚು. ಅಜ್ಜಿಯ ಅಳತೆಯಂತೆ ಸೇರಿಗೆ ಸೇರು ಪುಡಿಯುಪ್ಪು ಹಾಕಿದರೆ ಮಿಡಿ ವಿಪರೀತ ಉಪ್ಪಾಗುತ್ತದೆ. ಹರಳುಪ್ಪನ್ನೇ ಬಳಸಿ, ಇಲ್ಲವೇ ತೂಗಿ ಹಾಕಿ.

ಕಳಲೆ ಮತ್ತು ಮರಗೆಣಸಿನಲ್ಲಿರುವ ಸಯನೈಡ್ ಅಂಶ ದೇಹದಲ್ಲಿ ಥಯೋಸಯನೇಟ್ ಆಗಿ, ಗ್ರಂಥಿಗೆ ಅಯೋಡಿನ್ ಸೇರುವುದನ್ನು ತಡೆಯುತ್ತದೆ. ಕಳಲೆಯನ್ನು ಮೂರು ದಿನ ನೆನೆಸಿ ದಿನಾ ನೀರು ಬದಲಿಸುವ ನಮ್ಮ ಪದ್ಧತಿ ಅದನ್ನು ಬಹುಮಟ್ಟಿಗೆ ತೆಗೆಯುತ್ತದೆ, ಅವಸರಕ್ಕೆ ಅದನ್ನು ಮೊಟಕು ಮಾಡಬೇಡಿ. ರಕ್ತಹೀನತೆ ಇದ್ದವರಿಗೆ ಇನ್ನೊಂದು ಮಾತು: ಹಾರ್ಮೋನು ಕಟ್ಟುವ ಕಿಣ್ವಕ್ಕೆ ಕಬ್ಬಿಣಾಂಶವೂ ಬೇಕು, ಅದಿಲ್ಲದೆ ಬರಿ ಅಯೋಡಿನ್ ಅರ್ಧ ಕೆಲಸವನ್ನಷ್ಟೇ ಮಾಡೀತು.

ಥೈರಾಯ್ಡ್ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಉಪ್ಪು ಬದಲಿಸಬೇಡಿ. ಬೆಳಗ್ಗೆ ಥೈರಾಕ್ಸಿನ್ ಮಾತ್ರೆ ನುಂಗುವವರು ಬರಿ ನೀರಿನಲ್ಲಿ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಿರಿ. ಕಾಫಿ ಜೊತೆಗೆ ಹೋದ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಾಫಿ ಸೀಮೆಯವರಾದ ನಮಗೆ ಇದು ಕಷ್ಟವೇ, ಆದರೂ ಪಾಲಿಸಲೇಬೇಕು.

ತೆಂಗಿನ ಬುಡಕ್ಕೆ ಹಾಕುವ ಉಪ್ಪು ಮುಂದೆಯೂ ಮೂಟೆಯಲ್ಲೇ ಸಿಗುತ್ತದೆ, ಆದರೆ ಗೊಬ್ಬರದ ಗೋದಾಮಿನಲ್ಲಿ ಮಾತ್ರ, ಕೆಂಪು ಚೀಟಿ ಹೊಲಿದ ಚೀಲದಲ್ಲಿ. ಅದಕ್ಕೆ ಅಯೋಡಿನ್ ಸೇರಿಸಿರುವುದಿಲ್ಲ, ಅಡುಗೆಮನೆಗೆ ತರಬೇಡಿ.

ನಿಮ್ಮ ಮನೆಯಲ್ಲಿ ಈಗಿರುವ ಉಪ್ಪನ್ನು ಪರೀಕ್ಷಿಸಬೇಕೆನಿಸಿದರೆ ಮುಚ್ಚಿದ ಡಬ್ಬಿಯಲ್ಲಿ ಎರಡು ಚಮಚ ತನ್ನಿ. ಗುರುವಾರ ಸಂಜೆ 4ರಿಂದ 6ರವರೆಗೆ ಮಳಿಗೆಯಲ್ಲಿ ನಿಮ್ಮೆದುರೇ ಹನಿ ಹಾಕಿ ತೋರಿಸುತ್ತೇವೆ, ಶುಲ್ಕವಿಲ್ಲ. ಡಬ್ಬಿಯ ಮೇಲ್ಭಾಗದಿಂದ ಒಂದು ಚಮಚ, ಅಡಿಯಿಂದ ಒಂದು, ಬೇರೆ ಬೇರೆ ಪೊಟ್ಟಣದಲ್ಲಿ ತಂದರೆ ಇನ್ನೂ ಒಳ್ಳೆಯದು.

ಇತಿ,
ಆಡಳಿತ ಮಂಡಳಿ ಮತ್ತು ಮಳಿಗೆಯ ಸಿಬ್ಬಂದಿ