ಎಂಎಸ್ ಎಲ್ಲರಿಗೂ ಒಂದೇ ಥರ ಇರುವುದಿಲ್ಲ

ಎಲ್ಲರಿಗೂ ನಮಸ್ಕಾರ. "ಅವರು ಆರಾಮಾಗಿ ಓಡಾಡ್ತಾರೆ, ನನಗ್ಯಾಕೆ ಹೀಗೆ?" ಅಂತ ಎಂಎಸ್ ಇರುವ ಇನ್ನೊಬ್ಬರನ್ನು ನೋಡಿ ಇಲ್ಲಿ ಕೆಲವರು ಬೇಜಾರು ಮಾಡಿಕೊಂಡಿದ್ದೀರಿ. ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಹೊದಿಕೆ ಹಾಳಾಗುವ ಕಾಯಿಲೆ. ಅದು ಮಿದುಳು, ಬೆನ್ನುಹುರಿಯಲ್ಲಿ ಎಲ್ಲಿ ತಾಗಿದೆಯೋ ಅದರ ಮೇಲೆ ತೊಂದರೆ ಬೇರೆಯಾಗುತ್ತದೆ. ನಾವು ಬದುಕುವ ರೀತಿಯಿಂದಲೂ ತೊಂದರೆ ಬೇರೆಯಾಗುತ್ತದೆ.

ಈ ಕಾಯಿಲೆ ಹೆಂಗಸರಲ್ಲೇ ಜಾಸ್ತಿ. ಹೆಚ್ಚಿನವರಿಗೆ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ. ಕೆಲಸ, ಮದುವೆ, ಮಕ್ಕಳು ಎಲ್ಲ ಆಗಲೇ ಅಲ್ವಾ? ಬಸುರಿಯಾಗಿದ್ದಾಗ ರೋಗ ಮರುಕಳಿಸುವುದು ಸಾಮಾನ್ಯವಾಗಿ ಕಡಿಮೆ. ಹೆರಿಗೆಯ ನಂತರದ ಮೊದಲ ಮೂರು ತಿಂಗಳು ಅದು ಹೆಚ್ಚಬಹುದು, ಎಚ್ಚರ ಬೇಕು. ಬಾಣಂತಿಗೆ ಸುಡುಸುಡು ನೀರು ಹುಯ್ಯುವ ಮನೆಯವರು ದಯವಿಟ್ಟು ಗಮನಿಸಿ: ಮೈ ಬಿಸಿಯಾದರೆ ಕೆಲವರಿಗೆ ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಮೈ ತಣಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲೂ ಇದೇ ಕಷ್ಟ.

ಎಂಎಸ್ ತರುವ ಸುಸ್ತು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಸೋಮಾರಿತನ ಅನ್ನುವುದು ಅನ್ಯಾಯ.

ನರರೋಗ ತಜ್ಞರಿಗೆ ಎಂಆರ್‌ಐ ಜೊತೆ ನಿಮ್ಮ ದಿನವನ್ನೂ ಹೇಳಿ: ಏನು ಕೆಲಸ, ಎಷ್ಟು ಮೆಟ್ಟಿಲು, ನಿದ್ದೆ, ಸಿಗರೇಟು, ಮಗು ಬೇಕು ಅನ್ನುವ ಆಸೆ. ಇನ್ನೊಬ್ಬರನ್ನು ನೋಡಿ ಸುಮ್ನೆ ಔಷಧಿ ನಿಲ್ಲಿಸಬೇಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಂಎಸ್ ಸೇರಿದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಅರ್ಜಿ ಹಾಕಲು ಸಹಾಯ ಬೇಕಿದ್ದರೆ ಇಲ್ಲೇ ಕೇಳಿ.