ಮುರಿದ ಸೀಟಿಗೂ ಪೂರ್ತಿ ದರವೇ?

ಮಾನ್ಯರೇ,

ಕಡಿಮೆ ದರದ ವಿಮಾನಗಳಲ್ಲಿನ ಹರಿದ, ಕುಸಿದ ಸೀಟುಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಮೊನ್ನೆ ಬಂದ ವರದಿಯನ್ನು ಓದಿದೆ. ವರದಿಗಾರರು ಬರೆದಿರುವುದು ಕಡಿಮೆಯೇ ಆಯಿತು. ಕಳೆದ ಗುರುವಾರ ಬೆಳಿಗ್ಗೆ ಅಂತಹುದೇ ಒಂದು ವಿಮಾನದಲ್ಲಿ ಪತ್ನಿಯೊಂದಿಗೆ ಬೆಂಗಳೂರಿನಿಂದ ದೆಹಲಿಗೆ ಬಂದ ನಾನು, ಮಗಳ ಮನೆಯಲ್ಲಿ ಕುಳಿತು, ಸಿಟ್ಟು ಇನ್ನೂ ಆರದಿರುವಾಗಲೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಪತ್ನಿಗೆ ಕಳೆದ ವರ್ಷ ಸೊಂಟದ ಡಿಸ್ಕ್ ಶಸ್ತ್ರಚಿಕಿತ್ಸೆ ಆಗಿದೆ. ಎರಡು ರಾತ್ರಿಗಳ ರೈಲು ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದರಿಂದಲೇ, ಮಗಳ ಹೆರಿಗೆಗೆ ಹೊರಟ ನಾವು ವಿಮಾನದ ಟಿಕೆಟ್ ಕೊಂಡೆವು. ಆಕೆ ನಡುನಡುವೆ ಎದ್ದು ನಿಲ್ಲಲು ಅನುಕೂಲವಾಗಲೆಂದು, ಟಿಕೆಟ್ ದರದ ಮೇಲೆ ತಲಾ 450 ರೂಪಾಯಿ ಕೊಟ್ಟು ನಾಲ್ಕನೇ ಸಾಲಿನ ಎರಡು ಸೀಟುಗಳನ್ನು ಆರಿಸಿಕೊಂಡೆವು. ತುಮಕೂರಿನ ಮನೆಯನ್ನು ಬೆಳಗಿನ ಜಾವ ಎರಡು ಗಂಟೆಗೆ ಬಿಟ್ಟು, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ರಸ್ತೆ ಹಿಡಿದು, ಲಾರಿಗಳ ಸಾಲಿನ ಹಿಂದೆ ತೆವಳಿ ನಿಲ್ದಾಣ ಸೇರಿ, ತಪಾಸಣೆಗಳನ್ನೆಲ್ಲ ಮುಗಿಸಿ ಸೀಟಿನ ಬಳಿ ಬಂದು ನೋಡಿದರೆ, ನಾವು ಹಣ ಕೊಟ್ಟು ಆರಿಸಿಕೊಂಡ ಆ ಎರಡೂ ಸೀಟುಗಳು ಮುರಿದಿದ್ದವು.

ಆಕೆಯ ಸೀಟಿನ ಬೆನ್ನು ನಿಲ್ಲುತ್ತಲೇ ಇರಲಿಲ್ಲ. ಒರಗಿದರೆ ಹಿಂದಕ್ಕೆ ಬೀಳುತ್ತಿತ್ತು, ಮುಂದಕ್ಕೆ ಬಾಗಿದರೆ ಬೆನ್ನಿಗೆ ಬಂದು ಬಡಿಯುತ್ತಿತ್ತು. ಆರ್ಮ್‌ರೆಸ್ಟಿನ ಮೇಲಿನ ಪ್ಲಾಸ್ಟಿಕ್ ಕಿತ್ತುಹೋಗಿ, ಅದಕ್ಕೆ ಸುತ್ತಿದ್ದ ಅಂಟುಪಟ್ಟಿಯೂ ಬಿಚ್ಚಿಕೊಂಡು, ಒಳಗಿನ ಲೋಹದ ಮೂಲೆ ಹೊರಗೆ ಚಾಚಿತ್ತು. ಆ ಮೂಲೆಗೆ ಸಿಕ್ಕಿ ಆಕೆಯ ಸೀರೆಯ ಸೆರಗು ಗೇಣುದ್ದ ಹರಿಯಿತು, ಮೊಣಕೈ ತರಚಿ ರಕ್ತ ಬಂತು. ನನ್ನ ಸೀಟಿನ ಕುಶನ್ ಎಷ್ಟು ಸವೆದಿತ್ತೆಂದರೆ ಕೆಳಗಿನ ಸರಳು ತೊಡೆಗೆ ಒತ್ತುತ್ತಿತ್ತು. ಎದ್ದಾಗಲೆಲ್ಲ ಕುಶನ್ ಜಾರಿ ಕೈಗೇ ಬರುತ್ತಿತ್ತು. ಊಟದ ಟ್ರೇಯ ಕೊಂಡಿ ಮುರಿದಿದ್ದರಿಂದ ಅದು ಆಗಾಗ ಮೊಣಕಾಲಿನ ಮೇಲೆ ಬೀಳುತ್ತಿತ್ತು.

ಸಿಬ್ಬಂದಿಯನ್ನು ಕರೆದು ತೋರಿಸಿದಾಗ ಬಂದ ಉತ್ತರ, ವಿಮಾನ ಭರ್ತಿಯಾಗಿದೆ ಎಂಬುದು. ಮೊದಲ ಸಾಲಿನಲ್ಲಿ ಎರಡು ಸೀಟುಗಳು ಖಾಲಿ ಇರುವುದು ನಮ್ಮ ಕಣ್ಣಿಗೇ ಕಾಣುತ್ತಿತ್ತು. ಅವು ಹೆಚ್ಚು ಜಾಗದ ಸೀಟುಗಳಾದ್ದರಿಂದ ತಲಾ 1,200 ರೂಪಾಯಿ ಕೊಟ್ಟರೆ ಮಾತ್ರ ಕೂರಬಹುದು ಎಂದರು. ಮುರಿದ ಸೀಟು ಕೊಟ್ಟ ತಪ್ಪು ಸಂಸ್ಥೆಯದು, ಸರಿಯಾದ ಸೀಟಿಗೆ ದಂಡ ಕಟ್ಟಬೇಕಾದವರು ನಾವು! ವಿಮಾನ ಮೇಲೇರುವಾಗ ಸೀಟಿನ ಬೆನ್ನು ನೆಟ್ಟಗಿರಬೇಕೆಂಬ ನಿಯಮ ಇದೆಯಲ್ಲ, ಅದನ್ನು ಪಾಲಿಸಲು ಹಿಂದಿನ ಸಾಲಿನ ಯುವಕನೊಬ್ಬನಿಗೆ ಎರಡೂ ಕೈಗಳಿಂದ ಆ ಬೆನ್ನನ್ನು ಒತ್ತಿ ಹಿಡಿಯಲು ಹೇಳಿದರು. ಆ ಹುಡುಗ ಪಾಪ, ಇಳಿಯುವಾಗಲೂ ಹಾಗೆಯೇ ಹಿಡಿದುಕೊಂಡ. ಅವನಿಗೆ ಕೃತಜ್ಞತೆ ಹೇಳುತ್ತೇನೆ. ಗಗನಸಖಿಯರ ಮೇಲೂ ನನಗೆ ಕೋಪವಿಲ್ಲ. ಸೀಟು ದುರಸ್ತಿ ಮಾಡುವುದು ಅವರ ಕೈಯಲ್ಲಿಲ್ಲ, ಆದರೆ ಬೈಗುಳವೆಲ್ಲ ಅವರಿಗೇ.

ಸುಮಾರು ಮೂರು ಗಂಟೆ ಹಾಗೆ ಕುಳಿತ ಪತ್ನಿಗೆ ದೆಹಲಿಯಲ್ಲಿ ಗಾಲಿಕುರ್ಚಿ ಇಲ್ಲದೆ ಹೊರಬರಲಾಗಲಿಲ್ಲ. ಮರುದಿನ ವೈದ್ಯರಿಗೆ ತೋರಿಸಿದ್ದಾಯಿತು. ಬಾಣಂತಿ ಮಗಳನ್ನು ನೋಡಿಕೊಳ್ಳಲು ಬಂದವಳು ಈಗ ತಾನೇ ಹಾಸಿಗೆ ಹಿಡಿದಿದ್ದಾಳೆ. ಫೋಟೊಗಳೊಡನೆ ಸಂಸ್ಥೆಗೆ ದೂರು ಕಳುಹಿಸಿದ್ದಕ್ಕೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂಬ ಎರಡು ಸಾಲುಗಳೂ, ಮುಂದಿನ ಟಿಕೆಟ್ಟಿನಲ್ಲಿ 250 ರೂಪಾಯಿ ರಿಯಾಯಿತಿಯ ಕೂಪನ್ನೂ ಬಂದಿವೆ. ನಾವು ಸೀಟಿಗೆಂದೇ ಕಟ್ಟಿದ 900 ರೂಪಾಯಿಯ ಮಾತೇ ಅದರಲ್ಲಿಲ್ಲ.

ಇದೇ ಸೀಟು ಸಚಿವರಿಗೆ ಸಿಕ್ಕರೆ ಏನಾಗುತ್ತದೆ ಎಂಬುದು ಓದುಗರಿಗೆ ನೆನಪಿದೆ. 2025ರ ಫೆಬ್ರುವರಿಯಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರಿಗೆ ಭೋಪಾಲ್‌ನಿಂದ ದೆಹಲಿಗೆ ಬರುವಾಗ ಏರ್ ಇಂಡಿಯಾ ವಿಮಾನದಲ್ಲಿ 8ಸಿ ಸಂಖ್ಯೆಯ, ಮುರಿದು ಒಳಕ್ಕೆ ಕುಸಿದ ಸೀಟು ಸಿಕ್ಕಿತ್ತು. ಅವರು ಅದನ್ನು ಎಕ್ಸ್‌ನಲ್ಲಿ ಬರೆದ ಕೂಡಲೇ ಸಂಸ್ಥೆ ಕ್ಷಮೆ ಕೇಳಿತು, ವಿಮಾನಯಾನ ಸಚಿವ ರಾಮಮೋಹನ ನಾಯ್ಡು ಸಂಸ್ಥೆಯೊಡನೆ ಮಾತನಾಡಿದರು, ವಿಮಾನ ಸಂಸ್ಥೆಗಳ ಮೇಲೆ ನಿಗಾ ಇಡುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ವರದಿ ಕೇಳಿತು. ಪೂರ್ತಿ ಹಣ ಪಡೆದು ಕೆಟ್ಟ ಸೀಟಿನಲ್ಲಿ ಕೂರಿಸುವುದು ಅನೈತಿಕವಲ್ಲವೇ ಎಂದು ಚೌಹಾಣ್ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಅದಕ್ಕೂ ಮೊದಲು, 2024ರ ಮಾರ್ಚ್‌ನಲ್ಲಿ, ನಮ್ಮ ಬೆಂಗಳೂರಿನಿಂದಲೇ ಭೋಪಾಲ್‌ಗೆ ಹೊರಟ ವಿಮಾನವೊಂದರಲ್ಲಿ ಕುಶನ್ನುಗಳೇ ಇಲ್ಲದ ಸೀಟುಗಳ ಚಿತ್ರ ಎಲ್ಲೆಡೆ ಹರಿದಾಡಿತ್ತು. ಕೊಳೆಯಾಗಿದ್ದ ಕುಶನ್ನುಗಳನ್ನು ಬದಲಾಯಿಸುತ್ತಿದ್ದೆವು ಎಂದು ಆ ಸಂಸ್ಥೆ ಹೇಳಿತು. ಇಷ್ಟೆಲ್ಲ ಆದ ಮೇಲೂ ಸಾಮಾನ್ಯ ಪ್ರಯಾಣಿಕನ ಸೀಟು ಇದ್ದ ಹಾಗೆಯೇ ಇದೆ.

ಮಗಳ ಮನೆಯ ಪಕ್ಕದಲ್ಲಿ ವಿಮಾನ ನಿರ್ವಹಣೆಯಲ್ಲಿ ದುಡಿದು ನಿವೃತ್ತರಾದವರೊಬ್ಬರು ಇದ್ದಾರೆ. ಅವರು ವಿವರಿಸಿದ್ದನ್ನು ಕೇಳಿದ ಮೇಲೆ ನನ್ನ ಸಿಟ್ಟು ಭಯವಾಗಿದೆ. ಕ್ಯಾಬಿನ್ನಿನಲ್ಲಿ ಏನೇ ಕೆಟ್ಟರೂ ಸಿಬ್ಬಂದಿ ಅದನ್ನು ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಕೆಲವು ದೋಷಗಳನ್ನು ನಿಗದಿತ ದಿನಗಳವರೆಗೆ ಮುಂದೂಡಿ ಹಾರಲು ಅವಕಾಶವಿದೆ. ಆದರೆ ಬೆನ್ನು ನೆಟ್ಟಗೆ ನಿಲ್ಲದ ಸೀಟಿನಲ್ಲಿ ಯಾರನ್ನೂ ಕೂರಿಸದೆ, ಕೂರಬಾರದೆಂಬ ಚೀಟಿ ಅಂಟಿಸಿ ಖಾಲಿ ಬಿಡಬೇಕು. ಈಗಿನ ವಿಮಾನಗಳ ಸೀಟುಗಳನ್ನು ಗುರುತ್ವದ 16 ಪಟ್ಟು ಬಲದ ಧಕ್ಕೆಗೆ ಒಡ್ಡಿ ಪರೀಕ್ಷಿಸಿಯೇ ಅಳವಡಿಸುತ್ತಾರಂತೆ. ಅಂದರೆ ಸೀಟು ಕೂರಲು ಮಾತ್ರ ಇರುವುದಲ್ಲ, ಅವಘಡದಲ್ಲಿ ಜೀವ ಉಳಿಸಲು ಇರುವುದು. ಅಂತಹ ಸೀಟಿನ ಬೆನ್ನನ್ನು ಒಬ್ಬ ಹುಡುಗನ ಅಂಗೈಗಳ ಭರವಸೆಯ ಮೇಲೆ ಬಿಟ್ಟು ವಿಮಾನ ಹಾರಿಸಿದ್ದಾರೆ. ಇಳಿದು ಅರ್ಧ ಗಂಟೆಯೊಳಗೆ ಮತ್ತೆ ಹಾರಬೇಕಾದ ವಿಮಾನಗಳಲ್ಲಿ ದುರಸ್ತಿಗೆ ಸಮಯವೆಲ್ಲಿ, ಬಿಡಿಭಾಗಗಳೂ ಬೇಗ ಸಿಗುವುದಿಲ್ಲ ಎಂದು ಅವರು ಹೇಳಿದರು. ಸಮಯವಿಲ್ಲದಿದ್ದರೆ, ಭಾಗ ಸಿಗದಿದ್ದರೆ, ಆ ಸೀಟನ್ನು ಮಾರಬಾರದಷ್ಟೆ. ಒಂದು ಸೀಟಿನ ಹಣ ಬಿಡಲು ಮನಸ್ಸಿಲ್ಲದಿರುವುದೇ ಇದರ ಮೂಲ.

ಕಡಿಮೆ ದರ ಕೊಟ್ಟವರಿಗೆ ಇಷ್ಟೇ ಎನ್ನುವವರೂ ಇದ್ದಾರೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಕಡಿಮೆ ದರದ ಏರ್ ಡೆಕ್ಕನ್ ವಿಮಾನ ಹಾರಿಸಿದಾಗ ಮಧ್ಯಮವರ್ಗದ ನಮಗೆ ಹೆಮ್ಮೆಯಾಗಿತ್ತು. ಊಟ ಕೊಡದಿದ್ದರೂ ಬೇಡ, ಮನೆಯಿಂದ ಚಪಾತಿ ತಂದುಕೊಳ್ಳುತ್ತೇವೆ ಎಂದು ನಾವೇ ಒಪ್ಪಿಕೊಂಡೆವು. ಆದರೆ ಮುರಿದ ಸೀಟಿಗೆ ಯಾರೂ ಒಪ್ಪಿರಲಿಲ್ಲ. ಮೇಲಾಗಿ ಈಗ ದರವೂ ಕಡಿಮೆಯಿಲ್ಲ. ನಮ್ಮಿಬ್ಬರ ಟಿಕೆಟ್ಟಿಗೆ 17,000 ರೂಪಾಯಿ ದಾಟಿತ್ತು. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಸೀಟು ಕಿತ್ತಿದ್ದರೆ ಕಂಡಕ್ಟರೇ ಬೇರೆ ಕಡೆ ಕೂರಿಸುತ್ತಾರೆ, ಹೆಚ್ಚಿನ ಹಣ ಕೇಳುವುದಿಲ್ಲ.

ಇನ್ನು ಅಧಿಕಾರಿಗಳು. ವಿಮಾನ ರದ್ದಾದರೆ ಗರಿಷ್ಠ 10,000 ರೂಪಾಯಿವರೆಗೆ ಪರಿಹಾರ ಎಂಬ ನಿಯಮವಿದೆ. ಕಾದಿರಿಸಿದ ದರ್ಜೆಗಿಂತ ಕೆಳದರ್ಜೆಯಲ್ಲಿ ಕೂರಿಸಿದರೆ ದೇಶದೊಳಗಿನ ಪ್ರಯಾಣದಲ್ಲಿ ಟಿಕೆಟ್ ಹಣದ ಶೇ 75ರಷ್ಟನ್ನು ಮರಳಿಸಬೇಕೆಂದು 2023ರ ಫೆಬ್ರುವರಿಯಲ್ಲಿ ಡಿಜಿಸಿಎ ಆದೇಶಿಸಿದೆ. ದುಬಾರಿ ದರ್ಜೆಯವರ ನಷ್ಟಕ್ಕೆ ಲೆಕ್ಕ ಹಾಕಿದವರಿಗೆ, ಒಂದೇ ದರ್ಜೆಯ ವಿಮಾನದಲ್ಲಿ ಸೀಟೇ ಮುರಿದಿದ್ದರೆ ಎಷ್ಟು ಮರಳಿಸಬೇಕೆಂದು ಬರೆಯಲು ಏನು ಅಡ್ಡಿಯಿತ್ತು? ಆ ನಿರ್ದೇಶನಾಲಯದಲ್ಲಿ ಸುಮಾರು ಅರ್ಧದಷ್ಟು ಹುದ್ದೆಗಳು ಖಾಲಿ ಇವೆಯೆಂದು ಸಂಸದೀಯ ಸ್ಥಾಯಿ ಸಮಿತಿಯೇ 2025ರಲ್ಲಿ ಹೇಳಿದೆ. ಸೀಟು ತಪಾಸಿಸುವವರು ಎಲ್ಲಿಂದ ಬರಬೇಕು? ದೂರು ಕೊಟ್ಟರೂ ಫಲವಿಲ್ಲ. ಎರಡು ವರ್ಷಗಳ ಹಿಂದೆ ವಿಮಾನದಲ್ಲಿ ಹಾಕಿದ್ದ ನನ್ನ ಸೂಟ್‌ಕೇಸಿನ ಚಕ್ರ ಮುರಿದು ಕೈಗೆ ಬಂದಾಗ ಸರ್ಕಾರಿ ಕಚೇರಿಯೊಂದಕ್ಕೆ ದೂರು ಬರೆದಿದ್ದೆ. ಸಂಸ್ಥೆಯವರು ಉತ್ತರಿಸಿದ್ದಾರೆ, ಆದ್ದರಿಂದ ದೂರು ಮುಕ್ತಾಯವಾಗಿದೆ ಎಂಬ ಸಂದೇಶ ಬಂತು. ಸಂಸ್ಥೆಯ ಉತ್ತರ ಏನೆಂಬುದು ಇಂದಿನವರೆಗೂ ನನಗೆ ತಲುಪಿಲ್ಲ. ಅದಕ್ಕೂ ಹಿಂದೆ, ನಿಲ್ದಾಣದಲ್ಲಿ ಗಾಲಿಕುರ್ಚಿಗಾಗಿ ಮುಕ್ಕಾಲು ಗಂಟೆ ಕಾದದ್ದಕ್ಕೆ ಬರೆದ ಪತ್ರಕ್ಕೆ ಸ್ವೀಕೃತಿಯೂ ಬರಲಿಲ್ಲ.

ಸಂಬಂಧಪಟ್ಟವರು ಕೂಡಲೇ ಎಲ್ಲ ವಿಮಾನಗಳ ಸೀಟುಗಳನ್ನು ಪರಿಶೀಲಿಸಬೇಕು. ಕೆಟ್ಟ ಸೀಟುಗಳನ್ನು ದುರಸ್ತಿ ಮಾಡಬೇಕು, ಇಲ್ಲವೇ ಮಾರುವುದನ್ನು ನಿಲ್ಲಿಸಬೇಕು, ಮಾರಿದ್ದರೆ ಹಣವನ್ನಾದರೂ ಹಿಂತಿರುಗಿಸಬೇಕು. ಸಚಿವರಿಗೊಂದು, ಜನರಿಗೊಂದು ಎಂಬ ನಡವಳಿಕೆಯನ್ನು ಅಧಿಕಾರಿಗಳು ಬಿಡಬೇಕು. ಜನ ಕಟ್ಟುವ ತೆರಿಗೆಯಲ್ಲಿ ಸಂಬಳ ಪಡೆಯುವವರಿಗೆ ಇದನ್ನು ಯಾರಾದರೂ ಪತ್ರ ಬರೆದು ಹೇಳಬೇಕೇ?

ಮುಂದಿನ ತಿಂಗಳು ನಾವು ಅದೇ ಸಂಸ್ಥೆಯ ವಿಮಾನದಲ್ಲಿ ಹಿಂತಿರುಗಬೇಕಾಗಿದೆ. ಟಿಕೆಟ್ ರದ್ದುಪಡಿಸಿದರೆ ಹೆಚ್ಚುಕಡಿಮೆ ಏನೂ ವಾಪಸು ಬರುವುದಿಲ್ಲ. ಆ ವಿಮಾನದಲ್ಲಿ ಮತ್ತೆ ಹೇಗೆ ಕೂರಲಿ ಎಂದು ಪತ್ನಿ ದಿನವೂ ಕೇಳುತ್ತಿದ್ದಾಳೆ.

ಇಂತಿ,
ನೊಂದ ಪ್ರಯಾಣಿಕ
ಸಿದ್ಧಗಂಗಾ ಬಡಾವಣೆ, ತುಮಕೂರು
(ಸದ್ಯ ದೆಹಲಿಯಿಂದ)