ಸೊಂಟದ ಕೃತಕ ಕೀಲಿನ ಎಕ್ಸ್‌ರೇ: ಬರುವ ತಿಂಗಳಿಂದ ಹಳೆಯ ಫಿಲ್ಮ್ ಕಡ್ಡಾಯ

ಮಾನ್ಯರೇ, ನಮಸ್ಕಾರ.

ಸೊಂಟದ ಕೀಲು ಬದಲಿಸಿಕೊಂಡವರಿಗೆ ನಮ್ಮ ಹುಬ್ಬಳ್ಳಿ ಕೇಂದ್ರದಲ್ಲಿ ಇಲ್ಲಿಯವರೆಗೆ ಎದುರಿನಿಂದ ಒಂದೇ ಎಕ್ಸ್‌ರೇ ತೆಗೆಯುತ್ತಿದ್ದೆವು. ಬರುವ ತಿಂಗಳ 1ನೇ ತಾರೀಖಿನಿಂದ ಎದುರಿನದೊಂದು, ಪಕ್ಕದ್ದೊಂದು ಹೀಗೆ ಎರಡು ತೆಗೆಯುತ್ತೇವೆ. ದರ ಒಂದರದೇ. ಆದರೆ ಹಳೆಯ ಫಿಲ್ಮ್ ಮತ್ತು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿರುವ ಇಂಪ್ಲಾಂಟ್ (ಕೃತಕ ಕೀಲು) ಸ್ಟಿಕ್ಕರ್ ತರಲೇಬೇಕು.

ಕಾರಣ ಇಷ್ಟು. ಕೀಲಿನ ಗುಂಡು ಪ್ಲಾಸ್ಟಿಕ್ ಬಟ್ಟಲಿನಲ್ಲಿ ತಿರುಗುವಾಗ ಪ್ರತಿ ಹೆಜ್ಜೆಗೂ ಒಂದಿಷ್ಟು ಪುಡಿ ಉದುರುತ್ತದೆ. ಹೆಚ್ಚಿನ ಕಣಗಳು 1 ಮೈಕ್ರಾನ್‌ಗಿಂತ (ಮಿ.ಮೀ.ನ ಸಾವಿರದಲ್ಲೊಂದು ಭಾಗಕ್ಕಿಂತ) ಸಣ್ಣವು. ದೇಹದ ಕಾವಲು ಕೋಶಗಳು ಅವನ್ನು ನುಂಗುತ್ತವೆ, ಕರಗಿಸಲಾರವು. ಆ ಕಾವಲು ಕೋಶಗಳು ಹೊರಬಿಡುವ ರಾಸಾಯನಿಕಗಳಿಂದ ಮೂಳೆ ಸವೆಸುವ ಕೋಶಗಳು ಚುರುಕಾಗಿ, ಇಂಪ್ಲಾಂಟ್ ಸುತ್ತ ಮೂಳೆ ಟೊಳ್ಳಾಗುತ್ತದೆ. ಬಟ್ಟಲಿನ ಸವೆತ ವರ್ಷಕ್ಕೆ 0.1 ಮಿ.ಮೀ.ಗಿಂತ ಕಡಿಮೆಯಿದ್ದರೆ ಹೀಗಾಗುವುದು ಅಪರೂಪ. 1990ರ ದಶಕದ ಕೊನೆಯಿಂದ ಬಳಕೆಗೆ ಬಂದ ಕ್ರಾಸ್‌ಲಿಂಕ್ಡ್ ಪ್ಲಾಸ್ಟಿಕ್ ಬಹಳ ಕಡಿಮೆ ಸವೆಯುತ್ತದೆ. ನಿಮ್ಮದು ಯಾವುದೆಂದು ಸ್ಟಿಕ್ಕರ್ ಹೇಳುತ್ತದೆ. ಗುಂಡಿನ ಅಳತೆಯೂ (ಸಾಮಾನ್ಯವಾಗಿ 28, 32 ಅಥವಾ 36 ಮಿ.ಮೀ.) ಅದರಲ್ಲೇ ಇರುತ್ತದೆ. ಎಕ್ಸ್‌ರೇಯಲ್ಲಿ ಎಲ್ಲವೂ ತುಸು ದೊಡ್ಡದಾಗಿ ಕಾಣುವುದರಿಂದ ಆ ಗುಂಡೇ ನಮಗೆ ಅಳತೆಗೋಲು.

ಇನ್ನೊಂದು ಬಗೆಯ ನಷ್ಟವಿದೆ. ತೊಡೆಮೂಳೆಯೊಳಗೆ ಕೂರಿಸಿದ ಗಟ್ಟಿ ಲೋಹದ ರಾಡ್ ಮೈಭಾರ ಹೊತ್ತುಕೊಂಡರೆ ಆ ಮೂಳೆಯ ಮೇಲ್ಭಾಗಕ್ಕೆ ಕೆಲಸ ಕಡಿಮೆಯಾಗಿ ಅದು ತೆಳುವಾಗುತ್ತದೆ. ಇದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ ಆಗಿ ನಿಲ್ಲುತ್ತದೆ. ಪುಡಿಯಿಂದಾಗುವ ಟೊಳ್ಳು ನಿಲ್ಲದೆ ಬೆಳೆಯುತ್ತ ಹೋಗಬಹುದು. ನಿಂತಿದೆಯೋ ಬೆಳೆಯುತ್ತಿದೆಯೋ ಅನ್ನುವುದು ಒಂದೇ ಫಿಲ್ಮ್ ನೋಡಿ ಯಾರಿಗೂ ಗೊತ್ತಾಗದು. ಹಳೆಯದನ್ನು ಪಕ್ಕದಲ್ಲಿಟ್ಟು ನೋಡಲೇಬೇಕು.

ಹೋಲಿಸಬೇಕಾದರೆ ಎರಡೂ ಒಂದೇ ರೀತಿ ತೆಗೆದಿರಬೇಕು. ಅದಕ್ಕೆ ಅಂಗಾತ ಮಲಗಿಸಿ, ಎರಡೂ ಪಾದಗಳನ್ನು ಸುಮಾರು 15 ಡಿಗ್ರಿ ಒಳಗೆ ತಿರುಗಿಸಿ ತೆಗೆಯುತ್ತೇವೆ. ಹೊಸದಾಗಿ ಆಪರೇಷನ್ ಆದವರ ಕಾಲನ್ನು ಒತ್ತಾಯದಿಂದ ತಿರುಗಿಸುವುದಿಲ್ಲ. ಚಿತ್ರ ಹಿಡಿಯುವ ಎಕ್ಸ್‌ರೇ ಪ್ಲೇಟ್ ಮೇಲಕ್ಕಾದರೆ ರಾಡಿನ ತುದಿ ಚಿತ್ರದಿಂದ ತಪ್ಪಿಹೋಗುತ್ತದೆ, ಆದ್ದರಿಂದ ತುದಿಯ ಕೆಳಗಿನ 2-3 ಸೆಂ.ಮೀ. ಮೂಳೆಯೂ ಕಾಣುವಂತೆ ಇಡುತ್ತೇವೆ. ರಾಡಿನ ನೆರಳಿನಲ್ಲಿ ಮುಚ್ಚಿಹೋಗುವ ಮುಂದಿನ, ಹಿಂದಿನ ಮೂಳೆಗಾಗಿ ಪಕ್ಕದ ಚಿತ್ರ. ಇಷ್ಟಾದರೂ ಮೂಳೆಯ ಖನಿಜಾಂಶ ಶೇ. 30ರಷ್ಟಾದರೂ ಕಳೆಯುವ ತನಕ ಎಕ್ಸ್‌ರೇಯಲ್ಲಿ ಸುಲಭವಾಗಿ ಗೊತ್ತಾಗುವುದಿಲ್ಲ. ಸಂದೇಹವಿದ್ದರೆ ನಿಮ್ಮ ಸರ್ಜನ್ ಸಿ.ಟಿ. ಬರೆದುಕೊಡಬಹುದು.

"ನೋವಿಲ್ಲ, ಮತ್ಯಾಕ ಎಕ್ಸ್‌ರೇ?" ಎಂದು ಬಹಳ ಮಂದಿ ಕೇಳುತ್ತಾರೆ. ಮೂಳೆ ಟೊಳ್ಳಾಗುವಾಗ ಸಾಮಾನ್ಯವಾಗಿ ನೋವಿರುವುದಿಲ್ಲ, ನಮ್ಮ ಆತಂಕವೂ ಅದೇ. ಕೀಲು ಸಡಿಲಾದಾಗ ನೋವು ಶುರು: ಕುರ್ಚಿಯಿಂದ ಎದ್ದ ಮೊದಲ ನಾಲ್ಕು ಹೆಜ್ಜೆಗೆ ತೊಡೆ ನೋವಾದರೆ ರಾಡಿನ ಕಡೆ, ತೊಡೆಸಂದಿನಲ್ಲಿ ನೋವಾದರೆ ಬಟ್ಟಲಿನ ಕಡೆ ಅನುಮಾನ. ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ, ಬಿದ್ದು ಕಾಲೂರಲು ಆಗದಿದ್ದರೆ ನಮ್ಮಲ್ಲಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಸೋಂಕೂ ಮೂಳೆ ತಿನ್ನುತ್ತದೆ.

ಫಿಲ್ಮನ್ನು ತಗಡಿನ ಚಾವಣಿ ಕೆಳಗೆ ಅಟ್ಟದಲ್ಲಿಡಬೇಡಿ; ಬಿಸಿಲಿನ ಕಾವಿಗೆ ಒಂದಕ್ಕೊಂದು ಅಂಟುತ್ತವೆ. ಮೊಬೈಲಿನಲ್ಲಿ ತೆಗೆದ ಫೋಟೊ ಸಾಲದು, ಅಳತೆ ಸಿಗುವುದಿಲ್ಲ. ಫಿಲ್ಮ್ ಕಳೆದಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ ಕೇಳಿ ನೋಡಿ. ಅಲ್ಲೂ ಸಿಗದಿದ್ದರೆ ಹಾಗೇ ಬನ್ನಿ, ಈಗ ತೆಗೆಯುವುದೇ ಮೊದಲನೆಯದಾಗುತ್ತದೆ. ಇನ್ನು ಮೇಲೆ ಪ್ರತಿ ಚಿತ್ರವನ್ನೂ ನಮ್ಮ ಕಂಪ್ಯೂಟರಿನಲ್ಲಿ ಉಳಿಸಿ, ನಿಮಗೆ ಸಿ.ಡಿ. ಕೊಡುತ್ತೇವೆ.

ಗದಗ, ಹಾವೇರಿ ಕಡೆಯಿಂದ ಬರುವವರು ಮಧ್ಯಾಹ್ನದೊಳಗೆ ಬಂದರೆ ಅಂದೇ ವರದಿ ಸಿಗುತ್ತದೆ. ಬೆಳ್ಳಿ ಉಡದಾರ, ಪಿನ್ನು, ಕಿಸೆಯ ಚಿಲ್ಲರೆ ಮನೆಯಲ್ಲೇ ತೆಗೆದಿಟ್ಟು ಬನ್ನಿ.